ಅಘನಾಶಿನಿ ಅಳಿವೆಗೆ ಹೋಗುವ ಮುನ್ನ ಪಂಚಾಂಗ ನೋಡಿ

ಕುಮಟೆಗೆ ಬಂದವರು ಬಹುಪಾಲು ಕಡಲತೀರ ನೋಡಿಕೊಂಡು ಹೊರಟುಬಿಡುತ್ತಾರೆ. ಅಲ್ಲೇ ಸಮೀಪದಲ್ಲಿ ಅಘನಾಶಿನಿ ಸಮುದ್ರ ಸೇರುವ ಅಳಿವೆ ಇದೆ. 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿದ ತಾಣ. ಕೆಸರು, ಉಪ್ಪುನೀರು, ಕಾಂಡ್ಲಾ (ಮ್ಯಾಂಗ್ರೋವ್) ಗಿಡ, ಇಷ್ಟೇ ಕಾಣುವುದು. ಆದರೆ ಇಷ್ಟೂ ನೀರಿನ ಏರಿಳಿತದೊಂದಿಗೆ ಗಂಟೆಗೊಂದು ರೂಪ ತಾಳುತ್ತದೆ. ಆ ರೂಪಾಂತರವನ್ನು ಕೂತು ನೋಡುವುದೇ ಇಲ್ಲಿಯ ಸುಖ.

ಆದ್ದರಿಂದ ರೂಮು ಹಿಡಿಯುವುದಕ್ಕಿಂತ ಮೊದಲು ತಿಥಿ ನೋಡಿ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಭರತ (ಉಬ್ಬರ) ಜೋರು, ಇಳಿತವೂ ಆಳ. ಅಷ್ಟಮಿಯ ಹೊತ್ತಿಗೆ ನೀರು ಮಂದ. ದಿನಕ್ಕೆರಡು ಬಾರಿ ಏರಿಳಿಯುವ ಈ ನೀರು ಮರುದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಅಂದಂದಿನ ಹೊತ್ತನ್ನು ಮೀನುಗಾರರಲ್ಲಿ ಕೇಳಿ. ತಿಂಗಳೆಂದರೆ ನವೆಂಬರಿನಿಂದ ಫೆಬ್ರುವರಿ. ವಲಸೆ ಹಕ್ಕಿಗಳು ಆಗ ಇಲ್ಲಿರುತ್ತವೆ.

ಹಕ್ಕಿ ನೋಡಲು ಇಳಿತವೇ ಸರಿಯಾದ ಹೊತ್ತೆಂದು ಹೊಸಬರು ಭಾವಿಸುತ್ತಾರೆ. ಆದರೆ ಆಗ ಹಕ್ಕಿಗಳು ವಿಶಾಲ ಕೆಸರಿನಲ್ಲಿ ದೂರ ಚದುರಿರುತ್ತವೆ. ನೀರು ಏರತೊಡಗಿದಾಗ ಮೇಯುವ ಜಾಗ ಕಿರಿದಾಗಿ ಅವೇ ದಡದತ್ತ ಸರಿಯುತ್ತವೆ. ಭರತಕ್ಕೆ ಎರಡು ತಾಸು ಮುಂಚೆ ಒಂದೆಡೆ ಕೂತುಬಿಡಿ. ಮೊದಲ ಅರ್ಧ ಗಂಟೆ ಏನೂ ಇಲ್ಲವೆನಿಸುತ್ತದೆ, ಏಳಬೇಡಿ. ನಿಮ್ಮ ಹೆಜ್ಜೆಗೆ ಬಿಲ ಸೇರಿದ ಏಡಿಗಳು ಆಮೇಲೇ ಹೊರಬರುವುದು.

ಕಾಂಡ್ಲಾದಲ್ಲಿ ಬೇರು ನೋಡಿ. ಕೆಲವು ಜಾತಿಗಳದು ಕಾಂಡದಿಂದ ಇಳಿದು ಊರಿಕೊಂಡ ಊರುಗೋಲು. ಕೆಲವುಗಳದು ಕೆಸರಿನಿಂದ ಮೇಲೆದ್ದು ಗಾಳಿ ಸೇದುವ ಮೊನೆಗಳು. ನುಗ್ಗೆಕಾಯಿಯಂತೆ ತೂಗುವುದು ಕಾಯಿಯಲ್ಲ, ತಾಯಿಗಿಡದ ಮೇಲೆಯೇ ಮೊಳೆತ ಸಸಿ. ಮೊನೆಗಳ ಮೇಲೆ ಕಾಲಿಡಬೇಡಿ.

ಇಳಿತದಲ್ಲಿ ಬಳಚು (ಚಿಪ್ಪುಮೀನು) ಆಯಲು ಬರುವವರಿಗೆ ಇದು ಅನ್ನದ ನೆಲ. ಕೇಳದೆ ಫೋಟೊ ತೆಗೆಯುವುದು ಅವಮರ್ಯಾದೆ. ಮಾತಾಡಿಸಿದರೆ ಯಾವ ದಿಬ್ಬ ಗಟ್ಟಿ, ಎಲ್ಲಿ ಕಾಲು ಹೂತುಹೋಗುತ್ತದೆ ಎಂಬುದನ್ನು ಅವರಷ್ಟು ಚೆನ್ನಾಗಿ ಹೇಳುವವರಿಲ್ಲ. ಅವರನ್ನು ಕೇಳದೆ ಕೆಸರಿಗೆ ಇಳಿಯಲೇಬೇಡಿ.

ಅಳಿವೆಯ ಒಂದು ದಡದ ತದಡಿಯಿಂದ ಎದುರು ದಡದ ಅಘನಾಶಿನಿ ಊರಿಗೆ ದೋಣಿಯಲ್ಲಿ ದಾಟಬಹುದು. ಸಮಯ ಉಳಿದರೆ ಮಾಣಿಕಟ್ಟಾದ ಗಜನಿ ಗದ್ದೆಗಳಿಗೆ ಹೋಗಿ. ಉಪ್ಪು ತಡೆಯುವ ಕಗ್ಗ ಭತ್ತ ಮಳೆಗಾಲದಲ್ಲಿ ಅಲ್ಲಿ ಬೆಳೆಯುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ.