ಬರದ ಮಾನದಂಡದಲ್ಲಿ ಗರ್ಭಿಣಿಯ ಸ್ಥಾನ

ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು 1994ರಲ್ಲಿ ಪ್ರಕಟಿಸಿದ ಮಾನವ ಅಭಿವೃದ್ಧಿ ವರದಿಯು ಭದ್ರತೆಯೆಂಬ ಪದದ ಅರ್ಥವನ್ನು ವಿಸ್ತರಿಸಿತು. ಗಡಿಯ ರಕ್ಷಣೆಯೊಂದೇ ಭದ್ರತೆಯಲ್ಲ. ಅನ್ನ, ಆರೋಗ್ಯ, ಜೀವನೋಪಾಯ, ಪರಿಸರ ಮೊದಲಾದವುಗಳ ವಿಷಯದಲ್ಲಿ ಮನುಷ್ಯನು ನಿರ್ಭಯನಾಗಿರಬೇಕೆಂಬುದು ಅದರ ಸಾರ. ಈ ತತ್ತ್ವವನ್ನೇ ಒರೆಗಲ್ಲಾಗಿಟ್ಟುಕೊಂಡು ಭಾರತ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬರವನ್ನು ನಿರ್ಣಯಿಸಲು ಕೈಪಿಡಿಯು ಮೊದಲು ಮಳೆಯ ಕೊರತೆಯನ್ನು ನೋಡುತ್ತದೆ. ಅನಂತರ ಬಿತ್ತನೆಯ ಪ್ರದೇಶ, ಸಸ್ಯಗಳ ಹಸುರು, ಮಣ್ಣಿನ ತೇವ, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಇವುಗಳನ್ನು ಪರೀಕ್ಷಿಸಿ, ಕಡೆಗೆ ಹೊಲಗಳಲ್ಲಿ ಬೆಳೆಹಾನಿಯನ್ನು ಅಳೆಯುತ್ತದೆ. ಈ ಕ್ರಮದ ಶಾಸ್ತ್ರೀಯತೆ ಮೆಚ್ಚತಕ್ಕದ್ದೇ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದುವು. ಆದರೆ ಬಾಡಿದ ಪೈರನ್ನು ಕಾಣುವ ಈ ಮಾನದಂಡಕ್ಕೆ ಬಳಲಿದ ಬಸುರಿಯು ಕಾಣುವುದಿಲ್ಲ. ಪರಿಹಾರದ ಹಂತದಲ್ಲಿ ಆರೋಗ್ಯದ ಮಾತು ಬರಬಹುದು. ಅಳತೆಯ ಹಂತದಲ್ಲಿ ಅದಕ್ಕೆ ಎಡೆಯಿಲ್ಲ.

ತಾಯಿಯ ಆರೈಕೆ ಬೇರೊಂದು ಇಲಾಖೆಯ ಕೆಲಸವೆಂದು ಇದಕ್ಕೆ ಸಮಾಧಾನ ಹೇಳಬಹುದು. ಈ ಸಮಾಧಾನ ನಿಲ್ಲುವಂತಹುದಲ್ಲ. ಕರ್ನಾಟಕದಲ್ಲಿ 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯನ್ನೇ ನೋಡಬಹುದು. ಗರ್ಭಿಣಿಯು ದಿನವೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡಬೇಕೆಂಬುದು ಅದರ ಮೂಲಕಲ್ಪನೆ. ಅಂದರೆ ಆಕೆ ಊರಿನಲ್ಲಿಯೇ ಇರುವಳೆಂದು ಯೋಜನೆಯು ನಂಬಿದೆ. ರಾಯಚೂರು, ಯಾದಗಿರಿಗಳ ಮಳೆಯಾಶ್ರಿತ ಸೀಮೆಯಲ್ಲಿಯಾದರೋ ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೋಗುತ್ತವೆ. ಬಸುರಿಯೂ ಒಡನೆ ಹೊರಡುತ್ತಾಳೆ. ನಗರದ ಕಟ್ಟಡ ಕೆಲಸದ ಬಿಸಿಲಿನಲ್ಲಿ ಊರಿನ ಊಟವೂ ಇಲ್ಲ, ಪರಿಚಿತ ದಾದಿಯೂ ಇಲ್ಲ. ಅತಿಯಾದ ತಾಪಕ್ಕೂ ಅಕಾಲಪ್ರಸವಕ್ಕೂ, ಶಿಶುವಿನ ಕಡಿಮೆ ತೂಕಕ್ಕೂ ಸಂಬಂಧವಿರುವುದನ್ನು ವೈದ್ಯಶಾಸ್ತ್ರವು ಗುರುತಿಸಿದೆ. ಹೀಗೆ, ನೆರವು ಅತ್ಯಂತ ಅಗತ್ಯವಾದ ಕಾಲದಲ್ಲಿಯೇ ಅದು ತಪ್ಪಿಹೋಗುತ್ತದೆ.

ವಾಯುಗುಣದ ಬದಲಾವಣೆಯಿಂದ ತಾಪವು ಏರುತ್ತಿರುವಾಗ ಈ ಲೋಪವನ್ನು ಅಲ್ಪವೆಂದು ಬಗೆಯಲಾಗದು. ಗರ್ಭಿಣಿಯರ ಸಂಖ್ಯೆ, ಅವರ ರಕ್ತಹೀನತೆ, ಶಿಶುಗಳ ತೂಕ ಇವು ಹೊಸದಾಗಿ ಸಂಗ್ರಹಿಸಬೇಕಾದ ಅಂಕಿಗಳಲ್ಲ. ಉಪಕೇಂದ್ರಗಳ ದಾಖಲೆಗಳಲ್ಲಿ ಬರೆದಿಡುವಂತಹವೇ. ಇವುಗಳ ಜೊತೆಗೆ ಗುಳೆ ಹೋದವರ ಲೆಕ್ಕವನ್ನೂ ಸೇರಿಸಿ ಬರದ ನಿರ್ಣಯದಲ್ಲಿ ಪರಿಗಣಿಸಿದಲ್ಲದೆ ಮಾನವ ಭದ್ರತೆಯೆಂಬ ಮಾತು ಸಾರ್ಥಕವಾಗದು. ಹೋದ ಬೆಳೆಯನ್ನು ಮುಂದಿನ ಮಳೆ ತುಂಬಿಕೊಟ್ಟೀತು. ಗರ್ಭದಲ್ಲಿ ಆದ ನಷ್ಟವನ್ನು ಯಾವ ಮಳೆಯೂ ತುಂಬಿಕೊಡಲಾರದು.