ಸಿದ್ದಿ ಕವಂದಿ: ಆರು ಸಾಲು, ಅದಕ್ಕೊಂದು ವ್ಯಾಖ್ಯಾನ

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಸೀಮೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳಿಂದ ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ಅದನ್ನು ಹೊಲಿಯುವ ಕ್ರಮವನ್ನು ಆರು ಸಾಲಿಗೆ ಇಳಿಸಿ, ಒಂದೊಂದನ್ನೇ ಬಿಡಿಸಿ ನೋಡುತ್ತೇನೆ.

‘ಹಳೆ ಸೀರೆ ತಳಕ್ಕೆ ಹಾಸು.’

ಹಳೆಯದೇ ಯಾಕೆ? ಉಟ್ಟು ಒಗೆದು ಮೆತ್ತಗಾದ ಹತ್ತಿಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ. ಹೊಸ ಹತ್ತಿಬಟ್ಟೆಯಾದರೆ ನೀರು ಕಂಡೊಡನೆ ಕುಗ್ಗಿ ಸುತ್ತಲಿನ ಹೊಲಿಗೆಯನ್ನೆಲ್ಲ ಎಳೆದುಬಿಡುತ್ತದೆ.

‘ಅಂಚಿನಿಂದ ಹೊರಡು, ನಡುವಿಗೆ ಬಾ.’

ಇಡೀ ಕಸುಬು ಈ ಸಾಲಿನಲ್ಲಿದೆ. ಸೀರೆಯ ಅಂಚಿನ ಗುಂಟ ತುಂಡುಗಳನ್ನು ಇಟ್ಟು ಹೊಲಿಯುತ್ತಾ ಒಂದು ಸುತ್ತು ಬರುವುದು, ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ನಡು ಮುಚ್ಚುವ ತನಕ. ಅಮೆರಿಕದ ಸ್ಟ್ರಿಂಗ್ ಕ್ವಿಲ್ಟ್‌ನ ದಾರಿ ಬೇರೆ. ಅಲ್ಲಿ ಕಾಗದದ ಅಥವಾ ಬಟ್ಟೆಯ ಚೌಕದ ಮೇಲೆ ಉದ್ದನೆಯ ಪಟ್ಟಿಗಳನ್ನು ಒಂದರ ಪಕ್ಕ ಒಂದು ಹೊಲಿದು, ಅಂಥ ಚೌಕಗಳನ್ನು ಜೋಡಿಸಿ, ಆಮೇಲೆ ಅಸ್ತರು ಸೇರಿಸಿ ಮತ್ತೆ ಹೊಲಿಯುತ್ತಾರೆ. ಕವಂದಿಯಲ್ಲಿ ತುಂಡು ಕೂಡಿಸುವ ಹೊಲಿಗೆಯೇ ಪದರಗಳನ್ನೂ ಹಿಡಿಯುತ್ತದೆ, ಎರಡನೇ ಸಲದ ಮಾತಿಲ್ಲ. ಹಾಗಾಗಿ ಮೊದಲೇ ಬರೆದಿಟ್ಟ ನಕ್ಷೆಯೂ ಬೇಕಿಲ್ಲ. ಈಗತಾನೆ ಹೊಲಿದ ತುಂಡಿನ ಬಣ್ಣ ನೋಡಿ, ಗಂಟಿನಲ್ಲಿ ಏನು ಉಳಿದಿದೆ ನೋಡಿ, ಮುಂದಿನದನ್ನು ಆರಿಸಬೇಕು. ಇದನ್ನು ಬರೀ ಅಂದಾಜಿನ ಕೆಲಸ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಒಮ್ಮೆ ಕೂತ ತುಂಡನ್ನು ಕೀಳುವುದು ಕಷ್ಟ. ಪ್ರತಿ ತುಂಡಿಗೂ ಗಟ್ಟಿ ನಿರ್ಧಾರ ಬೇಕು.

‘ತುಂಡಿನ ಅಂಚು ಒಳಕ್ಕೆ ಮಡಿಚು.’

ಮಡಿಚದಿದ್ದರೆ ಎಳೆ ಬಿಡುತ್ತದೆ, ಅಷ್ಟೇ.

‘ಹೊಲಿಗೆಯ ಸಾಲು ಒತ್ತೊತ್ತಾಗಿರಲಿ.’

ಸೂಜಿ ಮೇಲೆ ಕೆಳಗೆ ಹಾಯುವ ಸಾದಾ ಹೊಲಿಗೆ ಇದು. ಬಲ ಇರುವುದು ಅದರ ಒತ್ತಿನಲ್ಲಿ. ಒಂದು ಸಾಲಿನ ದಾರ ಹರಿದರೂ ಪಕ್ಕದ ಸಾಲು ಬಟ್ಟೆಯನ್ನು ಹಿಡಿದಿರುತ್ತದೆ. ಹಾಸಿ, ಹೊದ್ದು, ಕಲ್ಲಿಗೆ ಬಡಿದು ಒಗೆದರೂ ಕವಂದಿ ಬಾಳುವುದು ಇದರಿಂದ.

‘ನಿನ್ನ ಗುರುತು ಇಡು.’

ಸಿದ್ದಿಯರ ಪೂರ್ವಿಕರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕೆಲವು ಕವಂದಿಗಳಲ್ಲಿ ಶಿಲುಬೆ, ಕೆಲವದರಲ್ಲಿ ಅರ್ಧಚಂದ್ರ ಕಾಣುವುದು ಆ ಕಾರಣಕ್ಕೆ. ಕೌದಿ ಉತ್ತರ ಕರ್ನಾಟಕದ ಎಷ್ಟೋ ಮನೆಗಳ ಹೊಲಿಗೆಯೇ ಆದರೂ ಸಿದ್ದಿಯರ ಬಣ್ಣದ ಧೈರ್ಯ ಅವರದೇ. ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅದನ್ನು ಗುರುತಿಸಿ ಬರೆದರು. ಅವರ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಹೊಲಿಗೆ ಸಹಕಾರಿ ಶುರುವಾಯಿತು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು.

‘ಮೂಲೆಗೆ ಫುಲಾ ಇಡು.’

ಬಟ್ಟೆಯ ಚೂರುಗಳನ್ನು ತ್ರಿಕೋನವಾಗಿ ಮಡಿಚಿ, ಒಂದರ ಮೇಲೊಂದು ಪೇರಿಸಿ ಮೂಲೆಗೆ ಹೊಲಿಯುವ ಹೂವೇ ಫುಲಾ. ಹೊದೆಯುವುದಕ್ಕೆ ಅದರಿಂದ ಉಪಯೋಗವೇನೂ ಇಲ್ಲ. ಆದರೂ ಅದಿಲ್ಲದೆ ಕವಂದಿ ಮುಗಿದಂತೆ ಅವರಿಗೆ ಅನ್ನಿಸುವುದಿಲ್ಲ.

ಕೊಳ್ಳುವವರಲ್ಲಿ ಒಂದು ಕೋರಿಕೆ: ಹಳೆ ಬಟ್ಟೆ ತಾನೇ ಎಂದು ಚೌಕಾಸಿಗೆ ಇಳಿಯಬೇಡಿ. ಕವಂದಿಯ ಹಿಂಬದಿ ತಿರುಗಿಸಿ, ಹೊಲಿಗೆಯ ಸಾಲು ನೋಡಿ, ಆ ದುಡಿಮೆಗೆ ತಕ್ಕ ಹಣ ಕೊಡಿ.