ಡೈನೋಸಾರ್‌ಗಳಲ್ಲೂ ವೆಜ್ಜು, ನಾನ್‌ವೆಜ್ಜಾ?

ಮೊನ್ನೆ ಭಾನುವಾರ ಅಣ್ಣನ ಏಳು ವರ್ಷದ ಮಗಳ ಜೊತೆ ಕೂತು ‘ಜುರಾಸಿಕ್ ಪಾರ್ಕ್’ ಮತ್ತೆ ನೋಡಿದೆ. 1993ರ ಸಿನಿಮಾ. ಆದ್ರೂ ಮಳೆಯಲ್ಲಿ ಟಿ. ರೆಕ್ಸ್ ಬೇಲಿ ದಾಟಿ ಬರುವಾಗ ಇವತ್ತಿಗೂ ಎದೆ ಧಡಧಡ ಅನ್ನತ್ತೆ. ಅದಕ್ಕೆ ಸ್ಪೀಲ್‌ಬರ್ಗ್‌ಗೆ ಫುಲ್ ಮಾರ್ಕ್ಸ್. ನನ್ನ ತಕರಾರು ಇರೋದು ಬೇರೆ ಕಡೆ. ಮರದ ಮೇಲಿನ ಮಕ್ಕಳ ಹತ್ತಿರ ಬ್ರಾಕಿಯೋಸಾರಸ್ ಬಂದು ಸೊಪ್ಪು ಮೇಯುವಾಗ ನಮ್ಮ ಹುಡುಗಿ, ‘ಅತ್ತೆ, ಇದು ಒಳ್ಳೇ ಡೈನೋಸಾರ್ ಅಲ್ವಾ?’ ಅಂದಳು. ಯಾಕೆ ಅಂತ ಕೇಳಿದೆ. ‘ಸೊಪ್ಪು ತಿನ್ನತ್ತಲ್ಲ!’

ಅವಳ ತಟ್ಟೆಯಲ್ಲಿ ಚಿಕನ್ ಕಬಾಬ್ ಇತ್ತು.

ಅವಳ ತಪ್ಪಲ್ಲ ಬಿಡಿ, ಸಿನಿಮಾನೇ ಹಾಗೆ ಪಾಠ ಮಾಡತ್ತೆ. ಸೊಪ್ಪು ತಿನ್ನೋವು ಸಾಧು, ಮಾಂಸ ತಿನ್ನೋವು ವಿಲನ್. ಬ್ರಾಕಿಯೋಸಾರಸ್ ಥೇಟ್ ಹಸುವಿನ ಹಾಗೆ ದವಡೆ ಆಡಿಸುತ್ತಾ ಅಗಿಯತ್ತೆ. ನಿಜವಾದದ್ದು ಅಗಿಯುತ್ತಲೇ ಇರಲಿಲ್ಲ. ಎಲೆ ಕಿತ್ತು ನುಂಗೋದು, ಮಿಕ್ಕಿದ್ದು ಹೊಟ್ಟೆಯ ಕೆಲಸ. ಹಸುವಿನ ಮುಖ ಕೊಟ್ಟಿದ್ದು ನಮಗೆ ಮುದ್ದು ಬರಲಿ ಅಂತ. (ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ, ತಿನ್ನೋದು ನೋಡಿ ಗುಣ ಅಳೆಯೋದು ಹೊಸದೇನಲ್ಲ.)

ತಮಾಷೆ ಅಂದ್ರೆ, ಡೈನೋಸಾರ್‌ಗೂ ಹಕ್ಕಿಗೂ ಇರುವ ನೆಂಟಸ್ತನ ಈ ಸಿನಿಮಾಗೆ ಚೆನ್ನಾಗಿ ಗೊತ್ತು. ಶುರುವಿನಲ್ಲೇ ಡಾಕ್ಟರ್ ಗ್ರಾಂಟ್ ಅದನ್ನ ಹೇಳ್ತಾನೆ, ಕೊನೆಯಲ್ಲಿ ಹೆಲಿಕಾಪ್ಟರ್ ಪಕ್ಕ ಪೆಲಿಕನ್‌ಗಳು ಹಾರ್ತವೆ. ಊಟದ ವಿಷಯ ಬಂದಾಗ ಮಾತ್ರ ಎಲ್ಲ ಮರೆತುಹೋಗತ್ತೆ. ಹಕ್ಕಿಗಳಲ್ಲಿ ಯಾರು ಶುದ್ಧ ಸಸ್ಯಾಹಾರಿ ಹೇಳಿ? ಗುಬ್ಬಚ್ಚಿ ಕಾಳು ತಿನ್ನೋ ಹಕ್ಕಿ, ಆದರೆ ಮರಿಗಳಿಗೆ ಹುಳ ಹಿಡಿದು ತರತ್ತೆ. ಅಮೆರಿಕದ ಯೂಟಾದಲ್ಲಿ ಗಿಡ ತಿನ್ನುವ ಡೈನೋಸಾರ್‌ಗಳ ಕಲ್ಲಾದ ಸಗಣಿ ಸಿಕ್ಕಿದೆ, ಸುಮಾರು 7.5 ಕೋಟಿ ವರ್ಷ ಹಳೇದು. ಬಾತುಕೋಳಿ ಮೂತಿಯ ಹ್ಯಾಡ್ರೋಸಾರ್‌ಗಳದ್ದು ಇರಬೇಕು. 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದರಲ್ಲಿ ಕೊಳೆತ ಮರದ ಜೊತೆಗೆ ಏಡಿ ಜಾತಿಯ ಪ್ರಾಣಿಗಳ ಚಿಪ್ಪಿನ ಚೂರುಗಳೂ ಇದ್ದವು. ಮೊಟ್ಟೆ ಇಡುವ ಕಾಲಕ್ಕೆ ಪ್ರೋಟೀನ್ ಬೇಕಾಗಿತ್ತೇನೋ ಅನ್ನೋದು ಸಂಶೋಧಕರ ಊಹೆ. ‘ಒಳ್ಳೇ ಡೈನೋಸಾರ್’ ಏಡಿ ತಿಂದಿದ್ದಕ್ಕೆ ಏನನ್ನೋಣ?

ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಸಿಕ್ಕ ಪಳೆಯುಳಿಕೆಯದ್ದು ಇನ್ನೊಂದು ಕಥೆ. ಅಲ್ಲಿ ಡೈನೋಸಾರ್ ಗೂಡಿನೊಳಗೆ ಮೂರೂವರೆ ಮೀಟರ್ ಉದ್ದದ ಹಾವು, ಪಕ್ಕದಲ್ಲೇ ಆಗಷ್ಟೇ ಮೊಟ್ಟೆಯೊಡೆದ ಮರಿ. ಬೆಳೆದು ದೈತ್ಯ ಆಗಬೇಕಿದ್ದ ಪ್ರಾಣಿ, ಸರೀಸೃಪದ ಊಟವಾಗೋದ್ರಲ್ಲಿತ್ತು. ಇಂಥ ದೃಶ್ಯ ‘ಜುರಾಸಿಕ್’ ಸಿನಿಮಾಗಳಿಗೆ ಒಗ್ಗಲ್ಲ. ಅಲ್ಲಿ ಗಿಡ ತಿನ್ನೋವು ಬರೀ ಕಣ್ಣಿಗೆ ಹಬ್ಬ, ರ‍್ಯಾಪ್ಟರ್‌ಗಳು ಬರೀ ಕೊಲೆಗಾರರು. ವೆಲಾಸಿರ‍್ಯಾಪ್ಟರ್‌ಗೆ ಗರಿ ಇತ್ತು ಅನ್ನೋದಕ್ಕೆ 2007ರಲ್ಲೇ ಪುರಾವೆ ಸಿಕ್ಕಿದ್ದರೂ 2015ರ ‘ಜುರಾಸಿಕ್ ವರ್ಲ್ಡ್’ ಅವಕ್ಕೆ ಬೋಳು ಚರ್ಮವನ್ನೇ ಹೊದಿಸಿತು. ಗರಿ ಹಾಕಿದ್ರೆ ಟರ್ಕಿ ಕೋಳಿ ಥರ ಕಾಣತ್ತಲ್ಲ, ಹೆದರೋರು ಯಾರು!

ಮುಂದಿನ ವಾರ ಅವಳಿಗೆ ‘ಪ್ರಿಹಿಸ್ಟಾರಿಕ್ ಪ್ಲಾನೆಟ್’ ಹಾಕಿಕೊಟ್ಟೆ. 2022ರದ್ದು, ಅಟೆನ್‌ಬರೋ ದನಿ. ಅದರಲ್ಲಿ ಟಿ. ರೆಕ್ಸ್ ಅಪ್ಪ ಮರಿಗಳನ್ನ ಕರಕೊಂಡು ಈಜ್ತಾನೆ, ಮರಿಗಳು ದಡದಲ್ಲಿ ಆಮೆಮರಿಗಳ ಹಿಂದೆ ಓಡ್ತವೆ. ‘ಪಾಪ ಆಮೆ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ಅವಕ್ಕೆ ಹಸಿವಾಗಿತ್ತಾ ಅತ್ತೆ?’ ಅಂತ ಕೇಳಿದಳು.